ಬಡದ್ರ ನಮ್ಮ ಕಿಸೇದಾಗಿಂದ ಎಷ್ಟು?

ಶಾರ್ಜಾದ ಆ ಬಾಡಿಗೆ ಕಾರಿನ ಅಂಗಡಿಯ ಗಾಜಿನ ಮೇಲೆ ‘ದಿನಕ್ಕೆ 90 ದಿರ್ಹಮ್’ ಅಂತ ದೊಡ್ಡದಾಗಿ ಅಂಟಿಸಿದ್ದರು. ಮೂರು ದಿನಕ್ಕೆ 270 ಆಗಬೇಕು. ಕಾರು ವಾಪಸ್ ಕೊಟ್ಟು ಲೆಕ್ಕ ಮುಗಿಸಿದಾಗ ಬಿಲ್ಲು 412 ಆಗಿತ್ತು. ಪೆಟ್ರೋಲ್ ಬೇರೆ. ಒಂದು ದಿರ್ಹಮ್‌ಗೆ 24 ರೂಪಾಯಿ ಅಂತ ಹಿಡಿದರೆ 6,480 ರೂಪಾಯಿಯ ಬಾಡಿಗೆ 9,888 ರೂಪಾಯಿಗೆ ಹೋಗಿ ನಿಂತಿತು.

ಇದು ಮೋಸ ಹೋದ ಕಥೆ ಅಲ್ಲ. ಹೆಚ್ಚಿಗೆ ಹೋದ 142 ದಿರ್ಹಮ್ ಯಾತಕ್ಕೆ ಹೋಗುತ್ತದೆ ಅನ್ನುವುದು ಕೀಲಿ ಕೈಗೆ ಬರುವ ಮೊದಲೇ ನಮಗೆ ಗೊತ್ತಿತ್ತು. ಗೊತ್ತಾದದ್ದು ಅಪ್ಪನಿಂದ. ಕರ್ಜಗಿ–ಹಾವೇರಿ ನಡುವೆ 21 ವರ್ಷ ಟ್ರ್ಯಾಕ್ಸ್ ಓಡಿಸಿದ, ಇಂಗ್ಲಿಷ್ ಒಂದಕ್ಷರ ಓದಲು ಬಾರದ ಅಪ್ಪನಿಂದ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಎಷ್ಟೋ ಮನೆಗಳ ಹುಡುಗರು ಈಗ ಗಲ್ಫ್‌ನಲ್ಲಿದ್ದಾರೆ. ವರ್ಷಕ್ಕೊಮ್ಮೆ ಅಪ್ಪ, ಅವ್ವನನ್ನು ಕರೆಸಿಕೊಳ್ಳುತ್ತಾರೆ. ಬಂದವರನ್ನು ಸುತ್ತಾಡಿಸಲು ಕಾರು ಬೇಕಾಗುತ್ತದೆ. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಎಂದೂ ವಿಮಾನ ಹತ್ತದವರೂ ಕೊನೆಯ ತನಕ ಓದಿ. ಕೊನೆಯ ಅರ್ಧ ನಮ್ಮೂರಿನದೇ.

ಯಾರು ಓಡಿಸಬಹುದು?

2025ರ ಫೆಬ್ರವರಿಯಲ್ಲಿ ಅಪ್ಪ, ಅವ್ವ ಮತ್ತು ನಾನು ಅಣ್ಣನ ಮನೆಗೆ ಹೋಗಿದ್ದೆವು. ಅಣ್ಣ ಶಾರ್ಜಾದಲ್ಲಿ ಒಂದು ಕಂಪನಿಯ ಲೆಕ್ಕ ಬರೆಯುತ್ತಾನೆ. ಅತ್ತಿಗೆಯೂ ಅಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಇಬ್ಬರಿಗೂ ಅಲ್ಲಿನ ಲೈಸೆನ್ಸ್ ಇಲ್ಲ. ಕ್ಲಾಸು, ಪರೀಕ್ಷೆ ಎಲ್ಲ ಸೇರಿ ಸಾವಿರಾರು ದಿರ್ಹಮ್ ಬೇಕು. ಕಂಪನಿ ಬಸ್ಸಿದೆ, ಅದರಲ್ಲೇ ಓಡಾಟ.

ಅಣ್ಣನ ಹತ್ತಿರ ಹಾವೇರಿ ಆರ್‌ಟಿಒ ಕೊಟ್ಟ ಲೈಸೆನ್ಸ್ ಇದೆಯಲ್ಲ, ಅದು ನಡೆಯುವುದಿಲ್ಲವೇ? ಇಲ್ಲ. ಯುಎಇಯಲ್ಲಿ ವಾಸದ ವೀಸಾ ಬಂದ ಮೇಲೆ ಅಲ್ಲಿನ ಲೈಸೆನ್ಸೇ ಬೇಕು. ನೋಡಲು ಬಂದವರು ಮಾತ್ರ ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇಟ್ಟುಕೊಂಡು ಓಡಿಸಬಹುದು. ಹೀಗಾಗಿ ಅಲ್ಲಿ ಹಲವು ವರ್ಷ ಇದ್ದ ಅಣ್ಣ ಪಕ್ಕದ ಸೀಟಿಗೆ ಬಂದ, ಬಂದು ವಾರವಾಗಿದ್ದ ನಾನು ಸ್ಟೇರಿಂಗ್ ಹಿಡಿದೆ.

ಆ ಪರ್ಮಿಟ್ ಮಾಡಿಸುವುದು ಕಷ್ಟವಲ್ಲ. ನಿಮ್ಮ ವಿಳಾಸ ಯಾವ ಆರ್‌ಟಿಒಗೆ ಬರುತ್ತದೋ ಅಲ್ಲೇ ಕೊಡುತ್ತಾರೆ. ಸಾರಥಿ ವೆಬ್‌ಸೈಟಿನಲ್ಲಿ ಫಾರಂ 4ಎ ತುಂಬಬೇಕು. ಲೈಸೆನ್ಸ್, ಪಾಸ್‌ಪೋರ್ಟ್, ವೀಸಾ ಪ್ರತಿ, ಡಾಕ್ಟರ್ ಸಹಿ ಮಾಡಿದ ಫಾರಂ 1ಎ, ಫೋಟೊ ಬೇಕು. ಶುಲ್ಕ 1,000 ರೂಪಾಯಿ. ಒಂದು ಸಣ್ಣ ಪುಸ್ತಕ ಕೈಗೆ ಬರುತ್ತದೆ, ಒಂದು ವರ್ಷ ನಡೆಯುತ್ತದೆ. ಅದೊಂದೇ ಇದ್ದರೆ ಸಾಲದು, ಮೂಲ ಲೈಸೆನ್ಸ್ ಕಾರ್ಡು ಜೊತೆಗಿರಬೇಕು. ಮೊಬೈಲಿನಲ್ಲಿ ತೋರಿಸುತ್ತೇನೆ ಅಂದರೆ ಅಲ್ಲಿ ಕೇಳುವುದಿಲ್ಲ. ಆನ್‌ಲೈನಿನಲ್ಲಿ ‘ಒಂದೇ ದಿನದಲ್ಲಿ ಪರ್ಮಿಟ್’ ಅಂತ ಮಾರುವವರಿದ್ದಾರೆ. ಆ ಕಾಗದ ನಂಬಿ ಓಡಿಸಿ ಎಲ್ಲಾದರೂ ಬಡಿದರೆ ಇನ್ಶೂರೆನ್ಸ್ ಕೈಕೊಡುತ್ತದೆ. ಲೈಸೆನ್ಸೇ ಸರಿಯಿಲ್ಲದವನ ಪರವಾಗಿ ಯಾವ ಕಂಪನಿಯೂ ರೊಕ್ಕ ಕೊಡುವುದಿಲ್ಲ.

‘ಫುಲ್ ಇನ್ಶೂರೆನ್ಸ್’ ಅಂದರೆ ಎಷ್ಟು ಫುಲ್?

ಅಂಗಡಿಯಲ್ಲಿದ್ದ ಹುಡುಗ ಕೇರಳದವನು. ಹಿಂದಿಯಲ್ಲಿ ಪಟಪಟ ಹೇಳಿದ. ದಿನಕ್ಕೆ 90, ದಿನಕ್ಕೆ 250 ಕಿಲೋಮೀಟರ್ ತನಕ ಹೆಚ್ಚಿಗೆ ಏನಿಲ್ಲ, ಇನ್ಶೂರೆನ್ಸ್ ಬಾಡಿಗೆಯಲ್ಲೇ ಸೇರಿದೆ, ಫುಲ್ ಇನ್ಶೂರೆನ್ಸ್, ಚಿಂತೆ ಬೇಡ ಅಂದ. ನಾನು ಅಪ್ಪನಿಗೆ ತಿಳಿಸಿ ಹೇಳಿದೆ. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತ.

“ಎಲ್ಲಾ ಖರೆ ತಮ್ಮಾ. ಬಡದ್ರ ನಮ್ಮ ಕಿಸೇದಾಗಿಂದ ಎಷ್ಟು ಹೋಗ್ತೈತಿ? ಅದನ್ನಷ್ಟ ಹೇಳು.”

ನಾನು ಹಿಂದಿಗೆ ಹೇಳಿದೆ. ಹುಡುಗ ನಕ್ಕ. ಒಪ್ಪಂದದ ಹಾಳೆಯನ್ನು ತಿರುಗಿಸಿ ಎರಡನೆಯ ಪುಟ ನಮ್ಮ ಮುಂದೆ ಇಟ್ಟ. ನಿಜವಾದ ವ್ಯವಹಾರ ಅಲ್ಲಿಂದ ಶುರುವಾಯಿತು.

ಬಾಡಿಗೆ ಕಾರಿನ ಇನ್ಶೂರೆನ್ಸ್ ಒಂದೇ ಅಲ್ಲ, ಅದಕ್ಕೆ ಪದರಗಳಿವೆ.

ಮೊದಲ ಪದರ ಥರ್ಡ್ ಪಾರ್ಟಿ. ನಮ್ಮ ಕಾರಿನಿಂದ ಬೇರೆಯವರಿಗೆ, ಅವರ ಗಾಡಿಗೆ ಪೆಟ್ಟಾದರೆ ಅದಕ್ಕೆ. ಅಲ್ಲೂ ಇಲ್ಲೂ ಅದು ಕಾನೂನಿನ ಪ್ರಕಾರ ಕಡ್ಡಾಯ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಇದನ್ನೇ ಹೇಳುತ್ತದೆ.

ಎರಡನೆಯದು ಬಾಡಿಗೆ ಕಾರಿಗೇ ಆಗುವ ಪೆಟ್ಟಿನದು. ಇದನ್ನು ಸಿಡಿಡಬ್ಲ್ಯು ಅನ್ನುತ್ತಾರೆ. ಅರ್ಥ ಇಷ್ಟೆ: ಕಾರು ಜಖಂ ಆದರೆ ಒಂದು ಮೊತ್ತದ ಮೇಲಿನದನ್ನು ಕಂಪನಿ ನಿಮ್ಮಿಂದ ಕೇಳುವುದಿಲ್ಲ. ಆ ಮೊತ್ತದ ತನಕ ಮಾತ್ರ ನೀವು ಕೊಡಬೇಕು. ಅದರ ಹೆಸರು ‘ಎಕ್ಸೆಸ್’. ನಮಗೆ ಅದು 1,500 ದಿರ್ಹಮ್ ಇತ್ತು, ಅಂದರೆ 36 ಸಾವಿರ ರೂಪಾಯಿ. ತಪ್ಪು ನಮ್ಮದಾಗಿದ್ದು ಬಂಪರ್ ಹೋದರೆ ಮೊದಲ 36 ಸಾವಿರ ನಮ್ಮದು. ಹುಡುಗ ಹೇಳಿದ ‘ಫುಲ್’ ಇನ್ಶೂರೆನ್ಸ್ ಇದು.

ಅಪ್ಪನಿಗೆ ಇದು ಹೊಸದಲ್ಲ. ನಮ್ಮ ಕಾರುಗಳ ಪಾಲಿಸಿಯಲ್ಲೂ ಇದೇ ತಮ್ಮನಂಥದ್ದೊಂದಿದೆ. 1,500 ಸಿಸಿ ಒಳಗಿನ ಖಾಸಗಿ ಕಾರಿಗೆ ಕ್ಲೇಮು ಮಾಡಿದಾಗ ಮೊದಲ 1,000 ರೂಪಾಯಿ ಮಾಲೀಕನದು, ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2,000. ಇಲ್ಲಿ ಸಾವಿರ, ಅಲ್ಲಿ 36 ಸಾವಿರ.

ಮೂರನೆಯ ಪದರ ಆ ಎಕ್ಸೆಸ್ಸನ್ನೂ ಸೊನ್ನೆ ಮಾಡುವುದು. ಅದಕ್ಕೆ ದಿನಕ್ಕೆ 30 ದಿರ್ಹಮ್ ಹೆಚ್ಚಿಗೆ. ಮೂರು ದಿನಕ್ಕೆ 90. ಅಣ್ಣ ಬೇಡ ಅಂದ, ಮೂರು ದಿನದ ಮಾತಿಗೆ ಒಂದು ದಿನದ ಬಾಡಿಗೆ ಸುಮ್ಮನೆ ಹೋಗುತ್ತದೆ ಅಂತ. ಅಪ್ಪ ಲೆಕ್ಕ ಹಾಕಿದ್ದು ಬೇರೆ ತರ. “ನಮ್ಮ ರಸ್ತೆ ಅಲ್ಲ. ಸ್ಟೇರಿಂಗ್ ಎಡಕ್ಕೈತಿ, ಬಲಕ್ಕ ಹೋಗ್ಬೇಕು. ಹುಡುಗಿ ಕೈ ಇದಕ್ಕ ಹೊಸಾದು. ತೊಂಬತ್ತು ಕೊಡು. ಊರಾಗಾದ್ರ ನಾನೂ ಬ್ಯಾಡ ಅಂತಿದ್ದೆ.”

ಆಮೇಲೆ ಮತ್ತೊಂದು ಪ್ರಶ್ನೆ ಕೇಳಿದ. “ತೊಂಬತ್ತು ಕೊಟ್ಟ ಮ್ಯಾಲೂ ಯಾವ್ಯಾವದು ನಮ್ಮ ಮ್ಯಾಲ ಬರ್ತೈತಿ?”

ಹುಡುಗ ಬೆರಳು ಮಡಚುತ್ತ ಹೇಳಿದ: ಟಾಯರ್, ರಿಮ್ಮು, ಗಾಜು, ಗಾಡಿಯ ತಳಭಾಗ. ಕೀಲಿ ಕಳೆದರೆ. ಮರಳಿನ ಮೇಲೆ ಓಡಿಸಿದರೆ. ಕುಡಿದು ಓಡಿಸಿದರೆ. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸಿದರೆ. ಕೊನೆಯದು, ಪೊಲೀಸ್ ರಿಪೋರ್ಟ್ ಇಲ್ಲದಿದ್ದರೆ.

ಈ ಕೊನೆಯದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಸಣ್ಣದಾಗಿ ತಾಗಿತು, ಇಬ್ಬರೂ ಮಾತಾಡಿಕೊಂಡು ಹೋದೆವು ಅನ್ನುವುದು ನಮ್ಮಲ್ಲಿ ನಡೆಯುತ್ತದೆ. ಯುಎಇಯಲ್ಲಿ ಗೀರು ಬಿದ್ದರೂ ಪೊಲೀಸರಿಗೆ ಹೇಳಿ ರಿಪೋರ್ಟ್ ಪಡೆಯಬೇಕು. ತಪ್ಪಿಲ್ಲದವರಿಗೆ ಹಸಿರು ಚೀಟಿ, ತಪ್ಪು ಮಾಡಿದವರಿಗೆ ಕೆಂಪು ಚೀಟಿ ಅಂತ ಅಲ್ಲಿನವರು ಹೇಳುತ್ತಾರೆ. ಆ ಚೀಟಿ ಇಲ್ಲದೆ ಇನ್ಶೂರೆನ್ಸ್ ನಡೆಯುವುದಿಲ್ಲ, ಗ್ಯಾರೇಜಿನವರೂ ಪೆಟ್ಟಾದ ಗಾಡಿ ಮುಟ್ಟುವುದಿಲ್ಲ.

ಗಾಡಿಯ ಈ ಯಾವ ಪದರವೂ ನಮ್ಮ ಆಸ್ಪತ್ರೆಯ ಖರ್ಚಿಗೆ ಸಾಲದು. ಅದಕ್ಕೆ ಊರಿಂದ ಹೊರಡುವಾಗಲೇ ಮಾಡಿಸುವ ಟ್ರಾವೆಲ್ ಇನ್ಶೂರೆನ್ಸ್ ಬೇಕು. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಅದನ್ನು ಬಿಡಬೇಡಿ.

ಕಾರಿನ ಸುತ್ತ ಪ್ರದಕ್ಷಿಣೆ

ಕಾಗದಕ್ಕೆ ಸಹಿ ಮಾಡುವ ಮೊದಲು ಅಪ್ಪ ಹೊರಗೆ ಹೋಗಿ ಕಾರಿನ ಸುತ್ತ ಬಂದ. ಸಂಜೆಯಾಗಿತ್ತು. ನನ್ನ ಮೊಬೈಲಿನ ಬ್ಯಾಟರಿ ಹಚ್ಚಿಸಿ ಹಿಂದಿನ ಬಂಪರಿನಲ್ಲಿ ಎರಡು ಗೀರು, ಬಲಗಡೆ ಮುಂದಿನ ರಿಮ್ಮಿನಲ್ಲಿ ಉಜ್ಜಿದ ಗುರುತು, ಎಡ ಬಾಗಿಲ ಕೆಳಗೆ ಒಂದು ತಗ್ಗು ತೋರಿಸಿದ. ಟಾಯರುಗಳನ್ನು ಮುಟ್ಟಿ ನೋಡಿದ. ಡಿಕ್ಕಿ ತೆಗೆಸಿ ಸ್ಟೆಪ್ನಿ ನೋಡಿದ. ನಾನು ಎಲ್ಲವನ್ನೂ ವಿಡಿಯೊ ಮಾಡಿಕೊಂಡೆ. ಕಿಲೋಮೀಟರ್ ಮತ್ತು ಪೆಟ್ರೋಲ್ ಮುಳ್ಳೂ ವಿಡಿಯೊದಲ್ಲಿ ಬಂತು. ಹುಡುಗನ ಹಾಳೆಯಲ್ಲಿ ಕಾರಿನ ಚಿತ್ರ ಇತ್ತು. ಅದರ ಮೇಲೆ ನಾಲ್ಕೂ ಗುರುತು ಹಾಕಿಸಿ, ಅವನ ಸಹಿ ಮಾಡಿಸಿಕೊಂಡು ಒಂದು ಪ್ರತಿ ತೆಗೆದುಕೊಂಡೆವು.

ಸೋಮವಾರ ಸಂಜೆ ಕಾರು ತಿರುಗಿ ಕೊಡಲು ಹೋದಾಗ ಅಂಗಡಿಯಲ್ಲಿ ಬೇರೆ ಹುಡುಗ ಇದ್ದ. ಅವನು ಬಗ್ಗಿ ನೋಡಿ ಬಲಗಡೆಯ ರಿಮ್ಮು ತೋರಿಸಿದ. 350 ದಿರ್ಹಮ್ ಅಂದ. ರಿಮ್ಮು ಇನ್ಶೂರೆನ್ಸಿನಲ್ಲಿ ಬರುವುದಿಲ್ಲ ಅನ್ನುವುದು ಅವನಿಗೂ ಗೊತ್ತು, ನಮಗೂ ಗೊತ್ತು. ಅಣ್ಣ ಹಾಳೆ ತೋರಿಸಿದ. ಅವನು ಮೊದಲ ಹುಡುಗನ ಸಹಿ ನೋಡಿದ, ತಲೆ ಆಡಿಸಿದ, ಮುಂದಕ್ಕೆ ಹೋದ. ಎರಡು ನಿಮಿಷದ ಮಾತು, 8,400 ರೂಪಾಯಿ ಉಳಿಯಿತು.

ತಡೆಹಿಡಿದ ರೊಕ್ಕ

ಬಾಡಿಗೆಯ ಹೊರತಾಗಿ 1,000 ದಿರ್ಹಮ್ ಡಿಪಾಜಿಟ್ ಕೇಳಿದರು. ಅದು ಕ್ರೆಡಿಟ್ ಕಾರ್ಡಿನಲ್ಲಿ ‘ಹೋಲ್ಡ್’ ಆಗುತ್ತದೆ. ರೊಕ್ಕ ಹೋಗುವುದಿಲ್ಲ, ಆದರೆ ಬಳಸಲು ಬರುವುದಿಲ್ಲ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯಲ್ಲಿರುವ ನಿಜವಾದ ರೊಕ್ಕವೇ ಸಿಕ್ಕಿಬೀಳುತ್ತದೆ. ಎಷ್ಟೋ ಕಡೆ ಡೆಬಿಟ್ ಕಾರ್ಡ್ ಮುಟ್ಟುವುದೇ ಇಲ್ಲ. ವಿಮಾನ ನಿಲ್ದಾಣದ ದೊಡ್ಡ ಕಂಪನಿಗಳು ಯಾರು ಓಡಿಸುತ್ತಾರೋ ಅವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುವುದುಂಟು. ನಾವು ಹೋದದ್ದು ಓಣಿಯೊಳಗಿನ ಸಣ್ಣ ಅಂಗಡಿ. ಅಣ್ಣನ ಕಾರ್ಡು ಮತ್ತು ಅವನ ಎಮಿರೇಟ್ಸ್ ಐಡಿ ತೆಗೆದುಕೊಂಡು ಒಪ್ಪಿದರು. ಬುಕ್ ಮಾಡುವ ಮೊದಲು ಇದನ್ನು ಫೋನಿನಲ್ಲೇ ಕೇಳಿ ಇಟ್ಟುಕೊಳ್ಳಿ.

ಕಾರು ಕೊಟ್ಟ ದಿನವೇ ಡಿಪಾಜಿಟ್ ಬರುವುದಿಲ್ಲ. ಟ್ರಾಫಿಕ್ ದಂಡಗಳು ತಡವಾಗಿ ಕಂಪನಿಗೆ ತಲುಪುತ್ತವೆ ಅಂತ ಎರಡರಿಂದ ನಾಲ್ಕು ವಾರ ಹಿಡಿದುಕೊಳ್ಳುತ್ತಾರೆ. ನಮ್ಮದು 24ನೇ ದಿನಕ್ಕೆ ಬಿಟ್ಟಿತು. ಆಗ ನಾವು ಊರಲ್ಲಿದ್ದೆವು.

ನಮ್ಮ ದೇಶದ ಕಾರ್ಡು ಅಲ್ಲಿ ಉಜ್ಜುವವರಿಗೆ ಒಂದು ಮಾತು. ಮಷೀನು ‘ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮ್‌ನಲ್ಲಾ?’ ಅಂತ ಕೇಳುತ್ತದೆ. ರೂಪಾಯಿ ಅಂತ ನೋಡಿ ಖುಷಿಯಾಗಬೇಡಿ. ಆ ರೂಪಾಯಿಯ ದರ ಮಷೀನಿನವರು ಹಾಕಿದ್ದು, ಸಾಮಾನ್ಯವಾಗಿ ತುಟ್ಟಿ. ಆ ದೇಶದ ಹಣವನ್ನೇ ಒತ್ತಿ.

ಗೇಟಿಲ್ಲದ ಟೋಲ್

ನಮ್ಮ ಬಂಕಾಪುರ, ಚಳಗೇರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಇದ್ದರೂ ಗಾಡಿ ನಿಧಾನ ಮಾಡಬೇಕು, ಕೋಲು ಏಳಬೇಕು. ದುಬೈನಲ್ಲಿ ಕೋಲೂ ಇಲ್ಲ, ಗೂಡೂ ಇಲ್ಲ. ರಸ್ತೆಯ ಮೇಲೆ ಒಂದು ಕಮಾನು ಇರುತ್ತದೆ. ಅದರ ಕೆಳಗೆ ಹಾದರೆ ರೊಕ್ಕ ಕಡಿತ. ಹೆಸರು ಸಾಲಿಕ್. 2007ರಲ್ಲಿ ಶುರುವಾದದ್ದು. ಮೊದಲಿನಿಂದ ಒಮ್ಮೆ ದಾಟಿದರೆ 4 ದಿರ್ಹಮ್ ಇತ್ತು. 2025ರ ಜನವರಿ 31ರಿಂದ ಹೊತ್ತಿನ ಮೇಲೆ ದರ ಬದಲಾಯಿತು. ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8ರ ತನಕ 6 ದಿರ್ಹಮ್. ಉಳಿದ ಹೊತ್ತು 4. ರಾತ್ರಿ 1ರಿಂದ ಬೆಳಿಗ್ಗೆ 6ರ ತನಕ ಪುಕ್ಕಟೆ. ಭಾನುವಾರ ಇಡೀ ದಿನ 4.

ಬಾಡಿಗೆ ಕಾರಿನ ಟೋಲ್ ಕಂಪನಿಯ ಖಾತೆಯಿಂದ ಹೋಗುತ್ತದೆ. ಕೊನೆಗೆ ನಮ್ಮಿಂದ ವಸೂಲಿ. ಅದರ ಮೇಲೆ ಅವರ ಸೇವಾ ಶುಲ್ಕ. ನಮಗೆ ದಾಟಿದ ಲೆಕ್ಕಕ್ಕೆ ಒಂದೊಂದು ದಿರ್ಹಮ್. ಶನಿವಾರ ದುಬೈ ಸುತ್ತಿದಾಗ ಆರು ಸಲ ದಾಟಿದೆವು, ಎರಡು ಸಲ ದಟ್ಟಣೆಯ ಹೊತ್ತಿನಲ್ಲಿ. ಟೋಲ್ 28, ಶುಲ್ಕ 6, ಒಟ್ಟು 34.

ಭಾನುವಾರ ಅಬುಧಾಬಿಗೆ ಹೋದೆವು. 2024ರ ಫೆಬ್ರವರಿ 14ರಂದು ತೆರೆದ ಕಲ್ಲಿನ ದೇವಸ್ಥಾನ ಅಬು ಮುರೈಖಾದಲ್ಲಿದೆ. ಅವ್ವ ಊರಿಂದ ಹೊರಟದ್ದೇ ಅದನ್ನು ನೋಡಲು. ಆ ದಿನ ಒಂದು ದಿರ್ಹಮ್ ಟೋಲೂ ಬೀಳಲಿಲ್ಲ. ಶಾರ್ಜಾದಿಂದ ಇ-311 ಅನ್ನುವ ಹೆದ್ದಾರಿ ಹಿಡಿದರೆ ಸಾಲಿಕ್ ಕಮಾನು ಸಿಗುವುದಿಲ್ಲ. ಅಣ್ಣನ ಗೆಳೆಯ ಹೇಳಿದ್ದು.

ಟೋಲ್‌ಗಿಂತ ಭಯ ಇದ್ದದ್ದು ವೇಗದ ಕ್ಯಾಮೆರಾಗಳದು. ದುಬೈ ರಸ್ತೆಯಲ್ಲಿ ಬೋರ್ಡಿನ ಮೇಲೆ ಬರೆದ ವೇಗಕ್ಕಿಂತ 20 ಕಿಲೋಮೀಟರ್ ಹೆಚ್ಚಾಗುವ ತನಕ ಕ್ಯಾಮೆರಾ ಸುಮ್ಮನಿರುತ್ತದೆ. ಅಬುಧಾಬಿ ಗಡಿ ದಾಟಿದ ಕೂಡಲೇ ಆ ಸಡಿಲಿಕೆ ಇಲ್ಲ, 2018ರ ಆಗಸ್ಟ್‌ನಿಂದ ತೆಗೆದುಹಾಕಿದ್ದಾರೆ. ಬೋರ್ಡಿನಲ್ಲಿ ಎಷ್ಟಿದೆಯೋ ಅಷ್ಟೇ. ಮೀರಿದರೆ ಕನಿಷ್ಠ 300 ದಿರ್ಹಮ್ ದಂಡ, 7,200 ರೂಪಾಯಿ. ಅದರ ಮೇಲೆ ಕಾರಿನ ಕಂಪನಿ ತನ್ನ ಓಡಾಟದ ಶುಲ್ಕವನ್ನೂ ಸೇರಿಸುತ್ತದೆ. ಅಪ್ಪ ಹಿಂದಿನ ಸೀಟಿನಲ್ಲಿ ಕೂತು ಇಡೀ ದಾರಿ ಬೋರ್ಡು ಓದಿಸಿದ. ನಮಗೆ ದಂಡ ಬೀಳಲಿಲ್ಲ.

ಹೀಗೆ ಲೆಕ್ಕ: ಬಾಡಿಗೆ 270, ಎಕ್ಸೆಸ್ ತೆಗೆಸಿದ್ದಕ್ಕೆ 90, ಎರಡರ ಮೇಲೆ ಶೇಕಡಾ 5ರ ವ್ಯಾಟ್ 18, ಟೋಲ್ 34. ಒಟ್ಟು 412. ಪೆಟ್ರೋಲ್ ತುಂಬಿಸಿ ಕೊಟ್ಟಿದ್ದರು, ತುಂಬಿಸಿಯೇ ತಿರುಗಿ ಕೊಟ್ಟೆವು. ಖಾಲಿ ಕೊಟ್ಟರೆ ಅವರು ತುಂಬಿಸಿಕೊಂಡು ತಮ್ಮ ದರ ಹಾಕುತ್ತಾರೆ.

ಸಾವಿರದ ಐನೂರು ರೂಪಾಯಿ

ದೇವಸ್ಥಾನ ನೋಡಿ ತಿರುಗಿ ಬರುವಾಗ ಅತ್ತಿಗೆ ಕೇಳಿದಳು. “ಯಾಕ್ರಿ ಮಾವಾರ, ಅಂಗಡ್ಯಾಗ ಅಷ್ಟು ಕೆದಕಿ ಕೆದಕಿ ಕೇಳಿದ್ರಿ?” ಅಣ್ಣನಿಗೂ ನನಗೂ ಉತ್ತರ ಗೊತ್ತಿತ್ತು. ಅತ್ತಿಗೆ ಮದುವೆಯಾಗಿ ಬರುವ ಮೊದಲಿನ ಮಾತು ಅದು. ಅಪ್ಪ ಹೇಳಿದ.

2011ರ ಮೇ ತಿಂಗಳು. ನಮ್ಮ ಓಣಿಯ ಒಂದು ಮದುವೆಗೆ ರಾಣೆಬೆನ್ನೂರು ಕಡೆ ದಿಬ್ಬಣ ಹೋಗಬೇಕಿತ್ತು. ಅಪ್ಪನ ಟ್ರ್ಯಾಕ್ಸ್ ಕೇಳಿದರು. ಯೆಲ್ಲೋ ಬೋರ್ಡಿನ ಗಾಡಿ. ಪರ್ಮಿಟ್, ಟ್ಯಾಕ್ಸ್, ಸೀಟಿನ ಲೆಕ್ಕದಲ್ಲಿ ಕಟ್ಟುವ ಪ್ರೀಮಿಯಂ, ಎಲ್ಲ ಸೇರಿ ಅವನ ಬಾಡಿಗೆ ಸ್ವಲ್ಪ ಹೆಚ್ಚು. ಊರಲ್ಲೇ ಒಬ್ಬರ ಹತ್ತಿರ ವೈಟ್ ಬೋರ್ಡ್ ಗಾಡಿ ಇತ್ತು, ಮನೆ ಬಳಕೆಯದು. ಅವರು 1,500 ರೂಪಾಯಿ ಕಡಿಮೆಗೆ ಬರುತ್ತೇನೆ ಅಂದರು. ದಿಬ್ಬಣದವರು ಅದನ್ನು ಹಿಡಿದರು. ಅದರಲ್ಲಿ ತಪ್ಪೇನಿದೆ? ಮದುವೆ ಮನೆಯಲ್ಲಿ 1,500 ರೂಪಾಯಿ ಸಣ್ಣದಲ್ಲ.

ಹೆದ್ದಾರಿಯಲ್ಲಿ ಟಾಯರ್ ಒಡೆದು ಗಾಡಿ ಪಲ್ಟಿಯಾಯಿತು. ಒಬ್ಬ ಅಜ್ಜಿ ಅಲ್ಲೇ ತೀರಿಕೊಂಡರು. ಅಪ್ಪನ ಚಿಕ್ಕಪ್ಪನ ಮಗ, ನಾವು ಕಾಕಾ ಅನ್ನುತ್ತೇವೆ, ಬಲಗಾಲು ಮೊಣಕಾಲಿನ ಕೆಳಗೆ ಕಳೆದುಕೊಂಡ. ಕಾರಹುಣ್ಣಿಮೆಯಲ್ಲಿ ಎತ್ತಿನ ಜೊತೆ ಓಡುತ್ತಿದ್ದ ಕಾಲು ಅದು.

“ಇನ್ಶೂರೆನ್ಸ್ ಐತಿ, ಚಿಂತಿ ಮಾಡಬ್ಯಾಡ್ರಿ” ಅಂದಿದ್ದರು ಗಾಡಿಯ ಮಾಲೀಕರು. ಇತ್ತು, ಸುಳ್ಳಲ್ಲ. ಆದರೆ ಅದು ಖಾಸಗಿ ಗಾಡಿಯ ಬರೀ ಥರ್ಡ್ ಪಾರ್ಟಿ ಪಾಲಿಸಿ. ರಸ್ತೆಯಲ್ಲಿ ಹೋಗುವ ಬೇರೆಯವರಿಗೆ ಪೆಟ್ಟಾಗಿದ್ದರೆ ಅದು ನಡೆಯುತ್ತಿತ್ತು. ಖಾಸಗಿ ಗಾಡಿಯ ಒಳಗೆ ಕೂತವರು ಆ ಪಾಲಿಸಿಯ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಫುಲ್ ಪಾಲಿಸಿಯೇ ಇದ್ದಿದ್ದರೂ ‘ಈ ಗಾಡಿ ಬಾಡಿಗೆಗೆ ಅಲ್ಲ’ ಅನ್ನುವ ಷರತ್ತು ಅದರಲ್ಲಿ ಬರೆದೇ ಇರುತ್ತದೆ. ರೊಕ್ಕ ತೆಗೆದುಕೊಂಡು ಜನರನ್ನು ಒಯ್ದರೆ ಷರತ್ತು ಮುರಿದ ಹಾಗೆ. ವಿಮಾ ಕಂಪನಿಯವರು ಕೋರ್ಟಿನಲ್ಲಿ ಮೊದಲು ತೆಗೆಯುವ ಮಾತೇ ಇದು.

ಹಾವೇರಿಯಲ್ಲಿ ಕೇಸು ಐದು ವರ್ಷ ನಡೆಯಿತು. 2016ರಲ್ಲಿ ಆದೇಶ ಬಂತು. ವಿಮಾ ಕಂಪನಿ ಕೊಡಬೇಕಿಲ್ಲ, ಗಾಡಿಯ ಮಾಲೀಕ ಕೊಡಬೇಕು. ಕಾಕಾನ ಪಾಲಿಗೆ 4,60,000 ರೂಪಾಯಿ ಮತ್ತು ಬಡ್ಡಿ. ಮಾಲೀಕ ಎಲ್ಲಿಂದ ತರಬೇಕು? ಅವರೂ ನಮ್ಮವರೇ, ದಿನಾ ಮುಖ ನೋಡುವವರು. ಗಾಡಿ ಮಾರಿದರು, 30 ಗುಂಟೆ ಹೊಲ ಮಾರಿದರು. ಅದರಲ್ಲಿ ತೀರಿಕೊಂಡ ಅಜ್ಜಿಯ ಮನೆಯವರಿಗೆ ಕೊಡಬೇಕಿತ್ತು, ಉಳಿದ ಗಾಯಾಳುಗಳಿಗೂ ಕೊಡಬೇಕಿತ್ತು. ಕಾಕಾನ ಕೈಗೆ ಬಂದದ್ದು 1,10,000. ಇವತ್ತಿಗೂ ಆ ಎರಡು ಮನೆಗಳ ನಡುವೆ ಮಾತಿಲ್ಲ.

“ನನ್ನ ಗಾಡಿ ತಗೊಂಡಿದ್ರೂ ಟಾಯರ್ ಒಡೀಬಹುದಾಗಿತ್ತು” ಅಂದ ಅಪ್ಪ. “ಕಾಲು ಹೋಗ್ತಿತ್ತೇನೋ. ರೊಕ್ಕ ಬರ್ತಿತ್ತು. ಹೊಲ ಉಳೀತಿತ್ತು, ಮಾತು ಉಳೀತಿತ್ತು.”

ಅತ್ತಿಗೆ ಆಮೇಲೆ ಏನೂ ಕೇಳಲಿಲ್ಲ.

ಪತ್ರಿಕೋದ್ಯಮ ಓದುವಾಗ ನಮಗೆ ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಅಂತ ಕೇಳಲು ಕಲಿಸಿದರು. ಅಪ್ಪನ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ. ಶಾರ್ಜಾದ ಹುಡುಗ ಹೇಳಿದ ‘ಫುಲ್ ಇನ್ಶೂರೆನ್ಸ್’, ಕರ್ಜಗಿಯ ಮಾಲೀಕರು ಹೇಳಿದ ‘ಇನ್ಶೂರೆನ್ಸ್ ಐತಿ’, ಎರಡೂ ಸುಳ್ಳಲ್ಲ, ಎರಡೂ ಅರ್ಧ ಮಾತು. ಇನ್ನರ್ಧ ನಾವು ಕೇಳಿದರೆ ಮಾತ್ರ ಹೊರಗೆ ಬರುತ್ತದೆ.

ಊರಲ್ಲಿ ಗಾಡಿ ಹಿಡಿಯುವಾಗ

ಮದುವೆ, ಜಾತ್ರೆ, ಆಸ್ಪತ್ರೆ ಅಂತ ನಾವು ವರ್ಷಕ್ಕೆ ನಾಲ್ಕಾರು ಸಲ ಗಾಡಿ ಹಿಡಿಯುತ್ತೇವೆ. ನೋಡಬೇಕಾದ್ದು ಇಷ್ಟು.

ನಂಬರ್ ಪ್ಲೇಟಿನ ಬಣ್ಣ ನೋಡಿ. ಬಿಳಿ ಮೇಲೆ ಕಪ್ಪು ಅಕ್ಷರ ಇದ್ದರೆ ಸ್ವಂತ ಬಳಕೆಯದು. ಹಳದಿ ಮೇಲೆ ಕಪ್ಪು ಇದ್ದರೆ ಬಾಡಿಗೆಗೆ ಓಡುವ ಪರ್ಮಿಟ್ ಇದ್ದದ್ದು. ಕಪ್ಪು ಮೇಲೆ ಹಳದಿ ಅಕ್ಷರ ಇದ್ದರೆ ನಾವೇ ಓಡಿಸಿಕೊಂಡು ಹೋಗಲು ಬಾಡಿಗೆಗೆ ಕೊಡುವ ಗಾಡಿ. ಹುಬ್ಬಳ್ಳಿ, ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಸೆಲ್ಫ್ ಡ್ರೈವ್ ಕಾರು ತೆಗೆದುಕೊಳ್ಳುವವರು ಈ ಕಪ್ಪು ಪ್ಲೇಟ್ ಇದೆಯೇ ಅಂತ ನೋಡಿಕೊಳ್ಳಿ. ಗೆಳೆಯನ ಬಿಳಿ ಪ್ಲೇಟಿನ ಕಾರನ್ನು ದಿನಕ್ಕಿಷ್ಟು ಅಂತ ಕೊಟ್ಟು ಒಯ್ದರೂ ಕಾಕಾನ ಕಥೆಯೇ.

ಗಾಡಿಯ ನಂಬರ್ ತೆಗೆದುಕೊಂಡು ಮೊಬೈಲಿನಲ್ಲಿ ಎಂಪರಿವಾಹನ್ ಆ್ಯಪ್ ತೆರೆಯಿರಿ. ಸರ್ಕಾರದ್ದು, ಪುಕ್ಕಟೆ. ನಂಬರ್ ಹಾಕಿದರೆ ಗಾಡಿ ಯಾವ ವರ್ಗದ್ದು, ಇನ್ಶೂರೆನ್ಸ್ ಯಾವ ತಾರೀಖಿನ ತನಕ ಇದೆ, ಫಿಟ್ನೆಸ್ ಇದೆಯೇ ಅಂತ ಬರುತ್ತದೆ.

ಎಷ್ಟು ಸೀಟಿನ ಗಾಡಿಯೋ ಅಷ್ಟೇ ಜನ ಹತ್ತಿ. 12 ಸೀಟಿನ ಗಾಡಿಯಲ್ಲಿ 18 ಜನ ಇದ್ದು ಅಪಘಾತವಾದರೆ ವಿಮಾ ಕಂಪನಿಯ ಹೊಣೆ ಆ 12 ಜನರ ಲೆಕ್ಕಕ್ಕೇ ನಿಲ್ಲುತ್ತದೆ.

ಬಾಡಿಗೆ, ಡ್ರೈವರ್ ಬತ್ತೆ, ಟೋಲ್, ಪಾರ್ಕಿಂಗ್, ರಾತ್ರಿ ನಿಂತರೆ ಎಷ್ಟು ಅನ್ನುವುದನ್ನು ಮೊದಲೇ ಮಾತಾಡಿ ವಾಟ್ಸ್ಆ್ಯಪಿನಲ್ಲಿ ಬರೆದುಕೊಳ್ಳಿ. ಬೀಗರ ಮುಂದೆ ನಿಂತು ಡ್ರೈವರ್ ಜೊತೆ ಜಗಳ ತಪ್ಪುತ್ತದೆ.

ಬೇರೆ ದೇಶಕ್ಕೆ ಹೋಗುವವರಿಗೆ

ಮಕ್ಕಳು ಅಮೆರಿಕದಲ್ಲಿ ಇರುವವರೂ ನಮ್ಮ ಓದುಗರಲ್ಲಿದ್ದಾರೆ. ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಬಾಡಿಗೆಯ ಜೊತೆ ಬರುವ ಥರ್ಡ್ ಪಾರ್ಟಿ ಹಲವು ಕಡೆ ಆ ರಾಜ್ಯದ ಕಾನೂನು ಹೇಳುವ ಕನಿಷ್ಠ ಮೊತ್ತಕ್ಕೆ ಮಾತ್ರ ಇರುತ್ತದೆ, ಅಲ್ಲಿನ ಆಸ್ಪತ್ರೆಯ ಬಿಲ್ಲಿಗೆ ಅದು ಏನೇನೂ ಸಾಲದು. ಕಾರಿನ ಪೆಟ್ಟಿನ ರಕ್ಷಣೆ ಬೇರೆ, ಥರ್ಡ್ ಪಾರ್ಟಿ ಹೆಚ್ಚಿಸುವುದು ಬೇರೆ. ಎರಡನ್ನೂ ಬೇರೆ ಬೇರೆ ಕೇಳಿ. 25 ವರ್ಷದ ಒಳಗಿನವರು ಓಡಿಸಿದರೆ ದಿನಕ್ಕಿಷ್ಟು ಅಂತ ಹೆಚ್ಚಿಗೆ. ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡರೆ ಅದಕ್ಕೊಂದು ಶುಲ್ಕ. ಒಂದು ಊರಲ್ಲಿ ತೆಗೆದುಕೊಂಡು ಇನ್ನೊಂದು ಊರಲ್ಲಿ ಬಿಟ್ಟರೆ ಅದಕ್ಕೂ ಶುಲ್ಕ. ಯುರೋಪಿನಲ್ಲಿ ಕಾರಿನ ಪೆಟ್ಟು, ಕಳವಿನ ರಕ್ಷಣೆ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ, ಆದರೆ ಎಕ್ಸೆಸ್ ದೊಡ್ಡದು.

ಸಣ್ಣ ಮಕ್ಕಳಿದ್ದರೆ ಮಕ್ಕಳ ಸೀಟು ಕೇಳಿ. ಯುಎಇಯಲ್ಲಿ ನಾಲ್ಕು ವರ್ಷದ ತನಕ ಅದು ಕಡ್ಡಾಯ, ಇಲ್ಲದಿದ್ದರೆ 400 ದಿರ್ಹಮ್ ದಂಡ. ಅಲ್ಲಿಂದ ಒಮಾನಿಗೆ ಹೋಗುವುದಾದರೆ ಕಾರಿನ ಕಂಪನಿಯ ಒಪ್ಪಿಗೆ ಪತ್ರ ಬೇಕು, ಒಮಾನಿನ ಇನ್ಶೂರೆನ್ಸ್ ಬೇರೆ ಬೇಕು.

ಯಾವ ದೇಶವಾದರೂ ಕೌಂಟರಿನಲ್ಲಿ ಕೇಳುವುದು ಮೂರೇ: ಬಡಿದರೆ ನಮ್ಮ ಕಿಸೆಯಿಂದ ಎಷ್ಟು? ಹೆಚ್ಚಿಗೆ ರೊಕ್ಕ ಕೊಟ್ಟ ಮೇಲೂ ಯಾವುದು ನಮ್ಮ ಮೇಲೆ ಉಳಿಯುತ್ತದೆ? ಡಿಪಾಜಿಟ್ ಎಷ್ಟು, ಎಂದು ಬರುತ್ತದೆ? ಉತ್ತರವನ್ನು ಹಾಳೆಯಲ್ಲಿ ತೋರಿಸಿ ಅನ್ನಿ. ಭಾಷೆ ಬಾರದಿದ್ದರೆ ಮೊಬೈಲಿಗೆ ಕನ್ನಡದಲ್ಲಿ ಹೇಳಿ, ಅದು ಅವರ ಭಾಷೆಯಲ್ಲಿ ಓದಿ ಹೇಳುತ್ತದೆ. ಅಪ್ಪನಿಗೆ ನಾನಿದ್ದೆ, ನಿಮಗೆ ಅದು ಸಾಕು.

ಕಳೆದ ಮೇ ತಿಂಗಳಲ್ಲಿ ಕಾಕಾನ ಮಗಳ ಮದುವೆಯಾಯಿತು. ದಿಬ್ಬಣಕ್ಕೆ ಮೂರು ಗಾಡಿ ಬೇಕಿತ್ತು. ವೈಟ್ ಬೋರ್ಡಿನವರು ಈಗಲೂ ಇದ್ದಾರೆ, ಈಗಲೂ ಕಡಿಮೆಗೆ ಬರುತ್ತಾರೆ. ಒಂದೊಂದು ಗಾಡಿಗೆ 2,000 ಹೆಚ್ಚು ಕೊಟ್ಟು ಕಾಕಾ ಯೆಲ್ಲೋ ಬೋರ್ಡಿನದೇ ಹೇಳಿದ. ಹಿಂದಿನ ರಾತ್ರಿ ಮೂರೂ ನಂಬರ್ ಅಪ್ಪನಿಗೆ ಓದಿ ಹೇಳಿದ, ಅಪ್ಪ ನನ್ನ ಕೈಯಲ್ಲಿ ಆ್ಯಪಿನಲ್ಲಿ ಹಾಕಿಸಿದ. ಬೆಳಿಗ್ಗೆ ಜನ ಹತ್ತುವಾಗ ಕಾಕಾ ಊರುಗೋಲು ಹಿಡಿದು ಮೊದಲ ಗಾಡಿಯ ಬಾಗಿಲಲ್ಲಿ ನಿಂತಿದ್ದ. ಹನ್ನೆರಡು ಜನ ಹತ್ತಿದ ಮೇಲೆ ಹದಿಮೂರನೆಯವನು ಕಾಲಿಟ್ಟ. ಕಾಕಾ ಕೋಲು ಅಡ್ಡ ಹಿಡಿದ.

“ಹಿಂದಿನ ಗಾಡ್ಯಾಗ ಜಾಗಾ ಐತಿ, ಅದಕ್ಕ ಹೋಗಪ್ಪಾ.”